ಎಲೆ ತಿರುಗಿಸಿ ನೋಡುವ ಕೆಲಸ

ನಾನು ಬಾಟನಿ ಮೇಡಂ ಎಂದು ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, “ನಮ್ಮನೆ ತುಳಸಿ ಒಣಗ್ತಾ ಇದೆ, ಏನ್ ಹಾಕ್ಬೇಕು ಮೇಡಂ?” ವಿಜಯನಗರದ ಕಾಲೇಜೊಂದರಲ್ಲಿ ಮೂವತ್ತೆರಡು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದ ನನಗೆ ಇವತ್ತಿಗೂ ಇದಕ್ಕೆ ಸರಿಯಾದ ಉತ್ತರ ಗೊತ್ತಿಲ್ಲ. ನಮ್ಮ ಮನೆಯ ತುಳಸಿಯೂ ಒಣಗುತ್ತದೆ. ಹಾಗೆಂದು ಹೇಳಿದರೆ ಯಾರೂ ನಂಬುವುದಿಲ್ಲ, ಏನೋ ಗುಟ್ಟು ಮುಚ್ಚಿಡುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಈಚೆಗೆ ಅದೇ ವಿಭಾಗಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಬಸವೇಶ್ವರನಗರದ ನಮ್ಮ ಮನೆ ಹುಡುಕಿಕೊಂಡು ಬಂದು, “ಮೇಡಂ, ನಿಮ್ಮ ಪ್ರಾಕ್ಟಿಕಲ್ ನೋಟ್ಸ್ ಇದ್ರೆ ಕೊಡ್ತೀರಾ?” ಎಂದರು. ನೋಟ್ಸನ್ನೆಲ್ಲ ನಿವೃತ್ತಿಯಾದ ವಾರವೇ ಹಳೆ ಪೇಪರಿನವನಿಗೆ ಹಾಕಿದ್ದೆ. ಕಾಫಿ ಕೊಟ್ಟು ಕಳಿಸಿದೆ. ಅವರು ಹೋದ ಮೇಲೆ ಮನಸ್ಸಿಗೆ ಕಸಿವಿಸಿಯಾಯಿತು. ನನಗೆ ಯಾವಾಗ ಬಡ್ತಿ ಬಂತು, ಯಾವ ಸಮಿತಿಯಲ್ಲಿದ್ದೆ ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ, ಬೇಕಾದವರು ತೆಗೆದು ನೋಡಲಿ. ಅದರಲ್ಲಿ ಇಲ್ಲದೇ ಇರುವುದು ಎರಡು ಗಿಡಗಳ ವಿಷಯ. ಅದನ್ನು ಆ ಇಬ್ಬರಿಗಾಗಿಯೇ ಬರೆಯುತ್ತಿದ್ದೇನೆ.

ಬಿ.ಎಸ್‌ಸಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಮ್ಮಲ್ಲಿ ಒಂದು ಕಾಯಂ ಪ್ರಶ್ನೆ ಇತ್ತು. ಒಂದು ತಟ್ಟೆಯಲ್ಲಿ ‘ಎ’ ಎಂದು ಚೀಟಿ ಹಚ್ಚಿದ ದಾಸವಾಳದ ರೆಂಬೆ, ಪಕ್ಕದಲ್ಲಿ ‘ಬಿ’ ಎಂದು ಚೀಟಿ ಹಚ್ಚಿದ ಜರೀಗಿಡದ ಎಲೆ. ಎರಡನ್ನೂ ಬಿಡಿಸಿ, ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿ, ಚಿತ್ರ ಬರೆದು ಹೋಲಿಸಬೇಕು. ದಾಸವಾಳ ಎಲ್ಲರಿಗೂ ಗೊತ್ತು. ಜರೀಗಿಡವೂ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ ಅಷ್ಟೆ. ಬಾಲ್ಕನಿಗಳಲ್ಲಿ, ಮದುವೆ ಮಂಟಪದ ಹೂಗುಚ್ಛಗಳಲ್ಲಿ ಬಾಚಣಿಗೆಯ ಹಾಗೆ ಎರಡೂ ಕಡೆ ಕಿರುಎಲೆ ಇರುವ ಉದ್ದನೆಯ ಹಸಿರು ಎಲೆ ನೋಡಿರುತ್ತೀರಲ್ಲ, ಫರ್ನ್ ಎನ್ನುತ್ತಾರೆ, ಅದೇ. ಅದು ಹೂ ಬಿಡುವುದಿಲ್ಲ, ಹಣ್ಣಿಲ್ಲ, ಬೀಜವಿಲ್ಲ. ಎಲೆಯ ಹಿಂಬದಿಯಲ್ಲಿ ಅಂಚಿನುದ್ದಕ್ಕೂ ಸಾಲಾಗಿ ಕಂದು ಚುಕ್ಕೆಗಳಿರುತ್ತವೆ. ಒಂದೊಂದು ಚುಕ್ಕೆಯೊಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ಚೀಲಗಳ ಗುಂಪು. ಆ ಚೀಲಗಳಲ್ಲಿ ಧೂಳಿನಂಥ ಬೀಜಕ. ಗಿಡದ ವಂಶವೆಲ್ಲ ಆ ಧೂಳಿನಲ್ಲಿದೆ.

ದಾಸವಾಳದ್ದು ಊರನ್ನೆಲ್ಲ ಕರೆದು ಮಾಡುವ ಮದುವೆ. ಕೆಂಪು ದಳವೇ ಪತ್ರಿಕೆ; ಜೇನು, ಹಕ್ಕಿ, ಇರುವೆ ಎಲ್ಲರಿಗೂ ಊಟ. ಜರೀಗಿಡದ್ದು ರಿಜಿಸ್ಟರ್ ಮದುವೆ. ಬೀಜಕ ಒದ್ದೆ ಮಣ್ಣಿನ ಮೇಲೆ ಬಿದ್ದು, ಕಿರುಬೆರಳ ಉಗುರಿಗಿಂತ ಚಿಕ್ಕದಾದ ಒಂದು ಹಸಿರು ತುಣುಕಾಗಿ ಬೆಳೆಯುತ್ತದೆ. ಆ ತುಣುಕಿನಡಿಯಲ್ಲಿ ಒಂದು ಹನಿ ನೀರಿದ್ದರೆ ಸಾಕು, ಮದುವೆ ನಡೆದುಹೋಗುತ್ತದೆ, ನಾವು ಪಕ್ಕದಲ್ಲೇ ನಡೆದುಹೋದರೂ ತಿಳಿಯುವುದಿಲ್ಲ. ಈ ಎರಡನ್ನೂ ಒಂದೇ ತಟ್ಟೆಯಲ್ಲಿ ನೋಡುವಾಗ ನನಗೆ ಕೊನೆಯ ವರ್ಷದವರೆಗೂ ಸಂತೋಷವಾಗುತ್ತಿತ್ತು. ಇದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದಾಗ ವಿಭಾಗದ ಮುಖ್ಯಸ್ಥರಾಗಿದ್ದವರು ಶೇಷಗಿರಿ ಸರ್. ಸಣಕಲು ಮೈ, ದಪ್ಪ ಕನ್ನಡಕ, ಯಾವಾಗಲೂ ಜೇಬಿನಲ್ಲಿ ಒಂದು ಮಡಿಸುವ ಭೂತಗನ್ನಡಿ. ಮೊದಲ ದಿನವೇ ನನ್ನ ಕೈಗೆ ಒಂದು ಜರೀಗಿಡದ ಎಲೆ ಕೊಟ್ಟು, “ಏನಮ್ಮಾ ಇದು?” ಎಂದರು. ನಾನು ಲ್ಯಾಟಿನ್ ಹೆಸರು, ಕುಲ, ಕುಟುಂಬ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಚಿನ್ನದ ಪದಕ ಬಂದವಳಲ್ಲವೇ. ಅವರು ಎಲೆಯನ್ನು ವಾಪಸ್ ತೆಗೆದುಕೊಂಡು ಬೆನ್ನ ಹಿಂದೆ ಇಟ್ಟುಕೊಂಡರು.

“ಎಡಗಡೆ ಎಷ್ಟು ಕಿರುಎಲೆ ಇತ್ತು?”

ನನಗೆ ಗೊತ್ತಿರಲಿಲ್ಲ.

“ತುದಿ ಮುರಿದಿತ್ತೋ, ಸರಿ ಇತ್ತೋ?”

ಅದೂ ಗೊತ್ತಿರಲಿಲ್ಲ.

“ಹೆಸರು ಗೊತ್ತಾದ ತಕ್ಷಣ ಕಣ್ಣು ಮುಚ್ಚಿಕೊಂಡ್ಬಿಡುತ್ತಮ್ಮ. ಹೆಸರು ಕೊನೇಲಿ ಹೇಳಿ. ಮೊದಲು ನೋಡಿ,” ಎಂದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಅವತ್ತು ಮಧ್ಯಾಹ್ನ ಡಬ್ಬಿ ತೆರೆಯಲೇ ಇಲ್ಲ. ಅವರ ಮಾತು ಅರ್ಥವಾಗಲು ಇಪ್ಪತ್ತು ವರ್ಷ ಬೇಕಾಯಿತು. ಅದು ಹೇಗೆ ಎಂಬುದಕ್ಕೇ ಬರುತ್ತಿದ್ದೇನೆ.

ಪಾಠ ಮಾಡುವವರಿಗಿಂತ ಗಿಡ ಹೊಂದಿಸುವವರ ಕಷ್ಟ ದೊಡ್ಡದು. ಆ ಕೆಲಸ ನಮ್ಮ ಅಟೆಂಡರ್ ಗಂಗಣ್ಣನದು. ಮಾರೇನಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿ ಹೊಲ, ಬಾವಿ ಇಟ್ಟುಕೊಂಡಿದ್ದ ಮನೆತನ. ಹೊಲ ಬಡಾವಣೆಯಾಯಿತು, ಬಾವಿಯ ಮೇಲೆ ಅಂಗಡಿ ಸಾಲು ಎದ್ದಿತು. ಬಾವಿ ಮುಚ್ಚುವ ಮುಂಚೆ ಗಂಗಣ್ಣ ಅದರ ಗೋಡೆಯಲ್ಲಿದ್ದ ಜರೀಗಿಡಗಳನ್ನು ಬೇರು ಸಮೇತ ಕಿತ್ತು ತಂದು ಕಾಲೇಜಿನ ಕಾರಿಡಾರಿನಲ್ಲಿ ಕುಂಡಗಳಿಗೆ ಹಾಕಿದ. ನಮ್ಮ ‘ಬಿ’ ಎಲ್ಲ ಆ ಬಾವಿಯ ವಂಶದ್ದು. ಒಂದು ಗಿಡದ ಹೆಸರೂ ಅವನಿಗೆ ಇಂಗ್ಲಿಷಿನಲ್ಲಿ ಬರುತ್ತಿರಲಿಲ್ಲ. ಆದರೆ ಯಾವ ಕುಂಡದ ಯಾವ ಎಲೆ ಯಾವ ವಾರ ಚುಕ್ಕೆ ಕಟ್ಟುತ್ತದೆ ಎಂಬುದು ಅವನ ಬೆರಳ ತುದಿಯಲ್ಲಿತ್ತು.

‘ಎ’ ಹೊಂದಿಸುವುದು ಮಾತ್ರ ಯುದ್ಧವೇ. ವಿಜಯನಗರದಲ್ಲಿ ದಾಸವಾಳವಿಲ್ಲದ ಬೀದಿಯಿಲ್ಲ, ಆದರೆ ಬೆಳಗ್ಗೆ ಆರರ ನಂತರ ದಾಸವಾಳ ಉಳಿದಿರುವ ಬೀದಿಯೂ ಇಲ್ಲ. ವಾಕಿಂಗ್ ಹೊರಟ ಹಿರಿಯರು ಕೈಯಲ್ಲಿ ಪ್ಲಾಸ್ಟಿಕ್ ಕವರು, ಕೊಕ್ಕೆ ಕೋಲು ಹಿಡಿದು ಯಾರದೋ ಕಾಂಪೌಂಡಿನ ಹೂವನ್ನು ತಮ್ಮ ದೇವರಿಗೆ ಒಯ್ಯುತ್ತಾರೆ. ಪರೀಕ್ಷೆಯ ದಿನ ಗಂಗಣ್ಣ ಐದೂವರೆಗೇ ಹೊರಟು ಅವರ ಜೊತೆ ಪೈಪೋಟಿಗೆ ಬೀಳುತ್ತಿದ್ದ. ಒಮ್ಮೆ ಒಬ್ಬ ಅಜ್ಜ, “ದೇವರ ಹೂವಿಗೆ ಕೈ ಹಾಕ್ತೀಯೇನಯ್ಯಾ?” ಎಂದು ಗದರಿಸಿದಾಗ, “ನಮ್ದು ಸರಸ್ವತಿ ಪೂಜೆನೇ ಸ್ವಾಮಿ, ಇಪ್ಪತ್ತು ಹೂ ಬೇಕು,” ಎಂದು ಉತ್ತರ ಕೊಟ್ಟು ಬಂದಿದ್ದ.

ಇನ್ನೊಂದು ವರ್ಷ ಒಂದು ಹೂವೂ ಸಿಗದೆ ಅವನು ಮುದ್ದೆಯಂಥ ಬಹುದಳದ ದಾಸವಾಳ ತಂದುಬಿಟ್ಟ. ಅದರಲ್ಲಿ ಕೇಸರಗಳೆಲ್ಲ ದಳಗಳಾಗಿ ಹೋಗಿರುತ್ತವೆ. ಮಕ್ಕಳು ಅದರಲ್ಲಿ ಇಲ್ಲದ ಕೇಸರವನ್ನು ಹುಡುಕಿ ಹುಡುಕಿ ಬೆವರಿದರು. ಶೇಷಗಿರಿ ಸರ್ ಅವತ್ತು ಪ್ರಶ್ನೆಯನ್ನೇ ಬದಲಿಸಿ, “ಕೇಸರ ಎಲ್ಲಿ ಹೋಯಿತು, ಕಂಡುಹಿಡಿಯಿರಿ,” ಎಂದು ಬೋರ್ಡಿನ ಮೇಲೆ ಬರೆದರು. ಅದಕ್ಕಿಂತ ಒಳ್ಳೆಯ ಪ್ರಶ್ನೆಪತ್ರಿಕೆಯನ್ನು ನಾನು ನೋಡಿಲ್ಲ.

ಜರೀಗಿಡವನ್ನು ಯಾರೂ ಕದಿಯುತ್ತಿರಲಿಲ್ಲ. ದೇವರಿಗೂ ಬೇಡದ ಗಿಡ ಅದು. ನನಗೆ ಅದರ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ ಹುಟ್ಟಿದ್ದು ಅದಕ್ಕೇ ಇರಬೇಕು. ಬಸವೇಶ್ವರನಗರದಲ್ಲಿ ನಮ್ಮ ಪಕ್ಕದ ಮನೆಯ ಸುಶೀಲಮ್ಮ ಒಂದು ದಿನ ಕುಂಡ ಎತ್ತಿಕೊಂಡೇ ಬಂದರು. “ಮೇಡಂ, ಎಲೆ ಹಿಂದೆಯೆಲ್ಲ ಕಜ್ಜಿ ಎದ್ದಿದೆ ನೋಡಿ, ಅರ್ಧ ಕತ್ತರಿಸಿ ಬಿಸಾಕ್ದೆ. ಏನ್ ರೋಗ ಇದು?” ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. “ರೋಗ ಅಲ್ಲ ಸುಶೀಲಮ್ಮ, ಅದರ ಮಕ್ಕಳು! ಬಸುರಿ ಗಿಡನ ಕತ್ತರಿಸಿದ್ದೀರಲ್ಲ,” ಎಂದೆ. ಪಾಪ, ಆಕೆ ಮುಖ ಸಣ್ಣದು ಮಾಡಿಕೊಂಡರು. ಮುಂದೆ ಪ್ರತಿ ವರ್ಷ ಈ ಕಥೆಯನ್ನು ತರಗತಿಯಲ್ಲಿ ಹೇಳಿ ನಗಿಸುತ್ತಿದ್ದೆ. ಅದೊಂದು ಐಟಂ ಆಗಿಹೋಗಿತ್ತು.

ಹೀಗೆ ನಗಿಸುತ್ತಾ ಇದ್ದ ಒಂದು ವರ್ಷ, ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನಲ್ಲಿರುವ ನನ್ನ ನಾದಿನಿ ಫೋನು ಮಾಡಿದಳು. “ಅತ್ತಿಗೆ, ಬಾಲ್ಕನೀಲಿ ಇರೋ ಫರ್ನ್‌ಗೆ ಹುಳ ಬಿದ್ದಿದೆ ಅನ್ಸುತ್ತೆ, ಎಲೆ ಹಿಂದೆ ಚುಕ್ಕೆ ಚುಕ್ಕೆ. ಬಿಸಾಕ್ಲಾ?” ನಾನು ಫೋನಿನಲ್ಲೇ ನಕ್ಕು, ಸುಶೀಲಮ್ಮನ ಕಥೆಯನ್ನು ಅವಳಿಗೂ ಹೇಳಿ, ಕುಂಡವನ್ನು ಕಾರಿನಲ್ಲಿ ಹಾಕಿಸಿಕೊಂಡು ಬಂದು ಕಾಲೇಜಿನ ಕಾರಿಡಾರಿನಲ್ಲಿ ಗಂಗಣ್ಣನ ಕುಂಡಗಳ ನಡುವೆ ಇಡಿಸಿದೆ. ಎಲೆ ತಿರುಗಿಸಿ ನೋಡಲಿಲ್ಲ. ನೋಡುವುದೇನಿದೆ, ಗೊತ್ತಿರುವುದೇ ಅಲ್ಲವೇ.

ಒಂದೆರಡು ತಿಂಗಳಿಗೆ ಗಂಗಣ್ಣ ಬಂದು, “ಮೇಡಂ, ಗಿಡ ಯಾಕೋ ಬಿಳಿಚ್ಕೊಂಡೈತೆ. ಹೊಸದು ಬಂದ ಮೇಲೆ ಹಿಂಗಾಗೈತೆ,” ಎಂದ.

“ಬಿಸಿಲು ಗಂಗಣ್ಣ. ನೀರು ಜಾಸ್ತಿ ಹಾಕು,” ಎಂದೆ.

ಅವನು ತಲೆ ಕೆರೆದುಕೊಂಡು ಹೋದ. ನೀರು ಹಾಕಿದ.

ಆ ವರ್ಷದ ಕೊನೆಯ ಬ್ಯಾಚಿನಲ್ಲಿ ಮಹಾದೇವಿ ಎಂಬ ಹುಡುಗಿ ಇದ್ದಳು. ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು. ಅಪ್ಪ ಊರಿನಲ್ಲಿ ಯಾರದೋ ನಿಂಬೆ ತೋಟ ನೋಡಿಕೊಳ್ಳುತ್ತಿದ್ದವರು, ಇಲ್ಲಿಗೆ ಬಂದು ನಂದಿನಿ ಲೇಔಟಿನ ಒಂದು ಕಟ್ಟಡಕ್ಕೆ ಸೆಕ್ಯೂರಿಟಿ ಆಗಿದ್ದರು. ತಾಯಿ ಅಲ್ಲೇ ಒಂದು ಪಿ.ಜಿ.ಯಲ್ಲಿ ಅಡುಗೆ. ಆ ವರ್ಷ ತಾಯಿಗೆ ಆಪರೇಷನ್ ಆಗಿ, ಒಂದು ತಿಂಗಳು ಪಿ.ಜಿ.ಯ ರೊಟ್ಟಿ ತಟ್ಟಿದ್ದು ಮಹಾದೇವಿಯೇ. ಅದರಿಂದ ಅವಳ ಪ್ರಾಕ್ಟಿಕಲ್ ತರಗತಿಗಳು ತಪ್ಪಿದ್ದವು, ಜರೀಗಿಡದ್ದೂ ಸೇರಿ. ರೆಕಾರ್ಡ್ ಪುಸ್ತಕ ಅರ್ಧ ಖಾಲಿ. ಪಾಸಾಗಬೇಕಾದರೆ ಪರೀಕ್ಷೆಯಲ್ಲಿ ಎ-ಬಿ ಪ್ರಶ್ನೆಯನ್ನು ಚೆನ್ನಾಗಿ ಮಾಡಲೇಬೇಕಿತ್ತು, ಇಲ್ಲದಿದ್ದರೆ ಒಂದು ವರ್ಷ ಹೋಗುತ್ತಿತ್ತು. ಆ ವರ್ಷ ಎಂ.ಎಸ್‌ಸಿ.ಗೆ ಅರ್ಜಿ ಹಾಕುವ ಆಸೆಯೂ ಹೋಗುತ್ತಿತ್ತು.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಅವಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. “ಮೇಡಂ, ನಮ್ಮ ಕಡೆ ಈ ಜರೀಗಿಡಾನೇ ಇಲ್ರೀ. ಒಮ್ಮೆ ಹೇಳ್ರಿ, ಹೆಂಗಿರ್ತೈತಿ ಅಂತ.” ನಾನು ಪೇಪರು ತಿದ್ದುತ್ತಲೇ ಬಾಯಲ್ಲಿ ಹೇಳಿದೆ: ಚುಕ್ಕೆಗಳು ಅಂಚಿನ ಹತ್ತಿರ ಎರಡೂ ಕಡೆ ಒಂದೊಂದು ಸಾಲು, ಒಂದೊಂದು ಚುಕ್ಕೆಯೂ ಒಂದೊಂದು ನರದ ತುದಿಗೆ, ನಡುವೆ ಸಮ ಅಂತರ. ಅವಳು ಅಷ್ಟನ್ನೂ ಬರೆದುಕೊಂಡು, “ಭಾಳ ಉಪಕಾರ ಆತ್ರಿ,” ಎಂದು ಹೋದಳು. ಎದ್ದು ಹೋಗಿ ಕಾರಿಡಾರಿನಿಂದ ಒಂದು ಎಲೆ ತಂದು ತೋರಿಸಬಹುದಿತ್ತು. ಹತ್ತು ಹೆಜ್ಜೆ ದೂರ. ತೋರಿಸಲಿಲ್ಲ.

ಪರೀಕ್ಷೆಯ ದಿನ ಇಪ್ಪತ್ತು ಮಕ್ಕಳು. ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ಒಳ್ಳೆಯ ಮನುಷ್ಯ, ಆದರೆ ಮಧ್ಯಾಹ್ನ ಎರಡಕ್ಕೆ ಅವರಿಗೆ ಇನ್ನೊಂದು ಕಡೆ ಪರೀಕ್ಷೆ ಇತ್ತು. ಬೆಳಗ್ಗೆ ನಾನೇ ಎಲೆಗಳನ್ನು ಆರಿಸಿದೆ. ಬೇಸಿಗೆ, ಗಂಗಣ್ಣನ ಕುಂಡಗಳಲ್ಲಿ ಎಲೆ ಕಡಿಮೆ ಇತ್ತು. ನಾದಿನಿಯ ಕುಂಡದಲ್ಲಿ ಚುಕ್ಕೆ ಧಾರಾಳವಾಗಿ ಇದ್ದವು. ಅದನ್ನೇ ಕತ್ತರಿಸಿ ಇಪ್ಪತ್ತು ತಟ್ಟೆಗೆ ಹಂಚಿದೆ. ‘ಎ’ ಸ್ಲೈಡುಗಳನ್ನು ನಾನು ನೋಡುವುದು, ‘ಬಿ’ ಅವರು ನೋಡುವುದು ಎಂದು ಹಂಚಿಕೊಂಡೆವು. ಅವರು ಮೊದಲೆರಡು ಸೂಕ್ಷ್ಮದರ್ಶಕಗಳಿಗೆ ಕಣ್ಣು ಹಚ್ಚಿದರು, ಏನೋ ಕಂದು ಬಣ್ಣದ್ದು ದುಂಡಗೆ ಕಂಡಿತು, ಪಕ್ಕದಲ್ಲಿ ಅಂದವಾದ ಚಿತ್ರವಿತ್ತು, ಟಿಕ್ ಹಾಕಿದರು. ಮಿಕ್ಕವರದು ಚಿತ್ರ ನೋಡಿಯೇ ಟಿಕ್. ನಮ್ಮ ಲೆನ್ಸುಗಳಲ್ಲಿ ಅರ್ಧಕ್ಕೆ ಮಂಜು ಕವಿದಿತ್ತೆಂಬುದನ್ನೂ ಹೇಳಬೇಕು.

ಪರೀಕ್ಷೆ ಮುಗಿದು ಉತ್ತರ ಪತ್ರಿಕೆಗಳನ್ನು ತಿದ್ದುವಾಗ ಅವರು ಒಂದು ಹಾಳೆಯನ್ನು ನನ್ನ ಕಡೆ ತಳ್ಳಿದರು. “ನೋಡಿ ಮೇಡಂ, ನಿಮ್ಮ ಸ್ಟೂಡೆಂಟ್ ಏನು ಬರ್ದಿದ್ದಾಳೆ ಅಂತ.”

ಮಹಾದೇವಿಯ ಹಾಳೆ. ದಾಸವಾಳದ್ದು ಸರಿಯಾಗಿತ್ತು. ಜರೀಗಿಡದ ಕೆಳಗೆ ಕನ್ನಡದಲ್ಲಿ ಹೀಗೆ ಬರೆದಿದ್ದಳು: “ಕೊಟ್ಟಿರುವ ಬಿ ಎಲೆಯಲ್ಲಿ ಬೀಜಕದ ಚುಕ್ಕೆಗಳಿಲ್ಲ. ಇರುವ ಕಂದು ಚುಕ್ಕೆಗಳು ಹುಳ. ಆದ್ದರಿಂದ ಸ್ಲೈಡ್ ಮಾಡಿಲ್ಲ.” ಕೆಳಗೆ ಒಂದು ಚಿತ್ರ. ಎಲೆಯ ಮೇಲೆ ಅಲ್ಲೊಂದು ಇಲ್ಲೊಂದು ಅಡ್ಡಾದಿಡ್ಡಿ ಚುಕ್ಕೆ.

ಅವರು ನಕ್ಕರು. ನಾನೂ ನಕ್ಕೆ. ನಗುತ್ತಲೇ ಸುಶೀಲಮ್ಮನ ಕಥೆ ಹೇಳಿದೆ. ಅವರು ಇನ್ನೂ ಜೋರಾಗಿ ನಕ್ಕು ಆ ಭಾಗಕ್ಕೆ ಸೊನ್ನೆ ಹಾಕಿದರು. ಕೂಡಿ ನೋಡಿದರೆ ಅವಳು ಫೇಲ್.

ಅಷ್ಟರಲ್ಲಿ ಅವಳೇ ಬಾಗಿಲಲ್ಲಿ ನಿಂತಿದ್ದಳು. ನಗು ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. “ಮೇಡಂ, ನನ್ನ ತಾಟಿನ್ಯಾಗಿಂದು ಒಂದ್ಸಲ ನೀವ ನೋಡ್ರಿ.”

“ಎಕ್ಸಾಮ್ ಮುಗೀತಲ್ಲಮ್ಮ. ಆಯ್ತು, ಹೋಗು,” ಎಂದೆ.

ಹೋದಳು. ನನ್ನ ವೃತ್ತಿಯಲ್ಲಿ ನಾನು ಆಡಿದ ಮಾತುಗಳಲ್ಲಿ ವಾಪಸ್ ತೆಗೆದುಕೊಳ್ಳಬೇಕೆನಿಸುವ ಮಾತು ಅದೊಂದೇ.

ಲ್ಯಾಬಿನಲ್ಲಿ ತಟ್ಟೆ ತೊಳೆಯಲು ಎತ್ತಿಡುತ್ತಿದ್ದ ಗಂಗಣ್ಣ ಒಂದು ತಟ್ಟೆಯನ್ನು ಮಾತ್ರ ಹಾಗೇ ಹಿಡಿದುಕೊಂಡು ಬಂದ. “ಮೇಡಂ, ಆ ಉತ್ತರ ಕರ್ನಾಟಕದ ಹುಡುಗಿ ಸೂಜೀಲಿ ಕೆರೆದು ಬಿಳಿ ಪೇಪರ್ ಮೇಲೆ ಸಾಲಾಗಿ ಇಟ್ಟೋಗವ್ಳೆ. ಬಿಸಾಕ್ಲಾ, ನೋಡ್ತೀರಾ?”

ಬಿಳಿ ಕಾಗದದ ಚೂರಿನ ಮೇಲೆ ಎಂಟು ಕಂದು ಚಿಪ್ಪು. ಅವು ಬಿಟ್ಟುಬಂದ ಜಾಗದಲ್ಲಿ ಎಲೆಯ ಮೇಲೆ ಎಂಟು ಹಳದಿ ಕಲೆ. ಬೀಜಕದ ಚುಕ್ಕೆಯನ್ನು ಕೆರೆದರೆ ಪುಡಿಯಾಗುತ್ತದೆ, ಹೀಗೆ ಮುಚ್ಚಳದಂತೆ ಇಡಿಯಾಗಿ ಏಳುವುದಿಲ್ಲ. ಒಂದು ಚಿಪ್ಪನ್ನು ಒಳ್ಳೆಯ ಲೆನ್ಸಿನ ಕೆಳಗಿಟ್ಟೆ. ಅಡಿಯಲ್ಲಿ ಮೊಟ್ಟೆಗಳಿದ್ದವು. ಪಕ್ಕದಲ್ಲಿ ಆರು ಕಾಲಿನ ಒಂದು ಮರಿ ಆರಾಮಾಗಿ ನಡೆದುಕೊಂಡು ಹೋಗುತ್ತಿತ್ತು. ಬೀಜಕ ಏನು ಬೇಕಾದರೂ ಮಾಡೀತು, ನಡೆಯುವುದಿಲ್ಲ.

ಗಿಡದ ರಸ ಹೀರುತ್ತಾ ಚಿಪ್ಪು ಕವಿದುಕೊಂಡು ಕೂರುವ ಹುಳ ಅದು. ಜರೀಗಿಡದ ಚುಕ್ಕೆ ಎಂದು ಮೋಸಹೋಗುವುದು ಹೊಸಬರಿಗೆ ಸಹಜ ಎಂದು ನಾನೇ ಪಾಠ ಮಾಡಿದ್ದೇನೆ.

ಅದಕ್ಕಿಂತ ದೊಡ್ಡ ಪೆಟ್ಟು ಇನ್ನೂ ಬಾಕಿ ಇತ್ತು. ಮಿಕ್ಕ ಹತ್ತೊಂಬತ್ತು ಹಾಳೆಗಳನ್ನು ತಿರುವಿ ಹಾಕಿದೆ. ಹತ್ತೊಂಬತ್ತರಲ್ಲೂ ಬೀಜಕದ ಚೀಲದ ಮುದ್ದಾದ ಚಿತ್ರ. ಸುತ್ತಲೂ ದಪ್ಪ ಗೋಡೆಯ ಉಂಗುರ, ಒಳಗೆ ದುಂಡು ಬೀಜಕಗಳು, ಕೆಳಗೆ ಸಣ್ಣ ತೊಟ್ಟು. ‘ಸೂಕ್ಷ್ಮದರ್ಶಕದಲ್ಲಿ ಕಂಡಂತೆ’ ಎಂಬ ಶೀರ್ಷಿಕೆ. ಇಡೀ ಲ್ಯಾಬಿನಲ್ಲಿ ಒಂದೇ ಒಂದು ಬೀಜಕ ಇರಲಿಲ್ಲ, ಹತ್ತೊಂಬತ್ತು ಜನ ಅದನ್ನು ಕಂಡಿದ್ದರು. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಚಿತ್ರವೇ, ನನ್ನ ಕೈ ಎಡಕ್ಕೆ ಸ್ವಲ್ಪ ವಾಲುವುದೂ ಸೇರಿ. ಇರುವುದನ್ನು ಬರೆದವಳು ಒಬ್ಬಳೇ, ಅವಳಿಗೆ ಸೊನ್ನೆ.

ಮುಚ್ಚಿಟ್ಟುಬಿಡಬಹುದಿತ್ತು ಎಂಬ ಯೋಚನೆ ಬಂತು. ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳಿಗೆ ನಾಲ್ಕು ಅಂಕ ಸೇರಿಸಿ ಪಾಸು ಮಾಡಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಎಂಟು ಚಿಪ್ಪುಗಳನ್ನು ಅವಳು ಎಷ್ಟು ಒಪ್ಪವಾಗಿ ಸಾಲಿಗೆ ಇಟ್ಟಿದ್ದಳೆಂದರೆ, ಅದರ ಮುಂದೆ ನನಗೆ ಆ ಕೆಲಸ ಮಾಡಲಾಗಲಿಲ್ಲ. ತಟ್ಟೆ ಹಿಡಿದುಕೊಂಡು ಶೇಷಗಿರಿ ಸರ್ ಕೋಣೆಗೆ ಹೋದೆ. ಅವರು ನಿವೃತ್ತರಾಗಲು ಆಗ ಎರಡು ತಿಂಗಳಿತ್ತು.

ಜೇಬಿನಿಂದ ಭೂತಗನ್ನಡಿ ತೆಗೆದು ಬಹಳ ಹೊತ್ತು ನೋಡಿದರು. “ಉಳಿದವರು ಏನ್ ಬರ್ದಿದ್ದಾರೆ?” ಎಂದರು. ಹಾಳೆಗಳನ್ನು ಮುಂದಿಟ್ಟೆ. ಒಂದೊಂದಾಗಿ ಹತ್ತೊಂಬತ್ತನ್ನೂ ನೋಡಿ ಕನ್ನಡಕ ತೆಗೆದು ಒರೆಸಿದರು.

“ತಟ್ಟೆ ತಪ್ಪಾಗಿದ್ದು ನಿಮ್ಮಿಂದಮ್ಮ. ಅದು ಯಾರಿಗಾದ್ರೂ ಆಗುತ್ತೆ. ಇಲ್ಲದ್ದನ್ನ ಕಾಣೋದು ಕಲಿಸಿದೀವಲ್ಲ, ಅದು ನಮ್ಮಿಬ್ಬರದೂ,” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅಂಕಪಟ್ಟಿಯ ಲಕೋಟೆ ಇನ್ನೂ ಅಂಟಿಸಿರಲಿಲ್ಲ. ಮಧ್ಯಾಹ್ನವೇ ‘ಬಿ’ ಭಾಗವನ್ನು ಎಲ್ಲರಿಗೂ ಮತ್ತೆ ಮಾಡಿಸುವುದೆಂದು ಸರ್ ತೀರ್ಮಾನಿಸಿದರು. ಹೊರಗಿನ ಪರೀಕ್ಷಕರು ಚಿಪ್ಪನ್ನು ನೋಡಿ ಕೆಂಪಾದರು, ಆಮೇಲೆ ಎರಡು ಗಂಟೆಗೆ ಹೋಗಬೇಕಿದ್ದ ಕಾಲೇಜಿಗೆ ತಾವೇ ಫೋನು ಮಾಡಿ, “ನನ್ನಿಂದ ಒಂದು ತಪ್ಪಾಗಿದೆ, ಸರಿ ಮಾಡಿ ಬರ್ತೀನಿ,” ಎಂದರು. ನನ್ನ ತಪ್ಪು ಎನ್ನಲಿಲ್ಲ. ಆ ಮನುಷ್ಯನ ಬಗ್ಗೆ ನನಗೆ ಇವತ್ತಿಗೂ ಗೌರವ.

ಒಳ್ಳೆಯ ಎಲೆ ಎಲ್ಲಿಂದ ತರುವುದು? ಕಾರಿಡಾರಿನ ಕುಂಡಗಳಿಗೆಲ್ಲ ಹುಳ ಹರಡಿತ್ತು. ಗಂಗಣ್ಣ ಗಂಟಲು ಸರಿಮಾಡಿಕೊಂಡ. “ನಮ್ಮನೆ ಹಿಂದೆ ಬಚ್ಚಲ ಪೈಪು ಸೋರ್ತೈತೆ ಮೇಡಂ. ಆ ಗೋಡೇಲಿ ಬಾವಿ ಗಿಡ ಒಂದಷ್ಟು ಐತೆ. ನಮ್ಮ ಮನೆಯೋಳು ಆರು ವರ್ಷದಿಂದ ಪೈಪು ರಿಪೇರಿ ಮಾಡ್ಸು ಅಂತ ಬೈತಾನೇ ಅವ್ಳೆ, ನಾನು ಅದಕ್ಕೇ ಮಾಡ್ಸಿಲ್ಲ.” ಟಿವಿಎಸ್ ಹತ್ತಿ ಮಾರೇನಹಳ್ಳಿಗೆ ಹೋಗಿ ಅರ್ಧ ಗಂಟೆಯಲ್ಲಿ ಒದ್ದೆ ಟವೆಲಿನಲ್ಲಿ ಸುತ್ತಿದ ಒಂದು ಕಟ್ಟು ಎಲೆ ತಂದ. ಈ ಸಲ ಒಂದೊಂದನ್ನೂ ತಿರುಗಿಸಿ ನೋಡಿದೆ. ಅಂಚಿನುದ್ದಕ್ಕೂ ಎರಡು ಸಾಲು, ಹೊಲಿಗೆ ಹಾಕಿದಷ್ಟು ನೇರ.

ಮಕ್ಕಳನ್ನು ಫೋನು ಮಾಡಿ ಕರೆಸಿದೆವು. “ಏನ್ ಗುರು ಇದು, ಒಂದೇ ಎಕ್ಸಾಮು ಎರಡ್ಸಲ,” ಎಂದು ಹುಡುಗರು ಗೊಣಗುತ್ತಾ ಬಂದರು. ಸರ್ ಅವರ ಮುಂದೆ ಹತ್ತೊಂಬತ್ತು ಹಾಳೆಗಳನ್ನೂ ಆ ಚಿಪ್ಪಿನ ತಟ್ಟೆಯನ್ನೂ ಇಟ್ಟು ನೋಡಲು ಹೇಳಿದರು. ಗೊಣಗಾಟ ನಿಂತಿತು. ಮಹಾದೇವಿ ಎದುರಿನ ಸ್ಟಾಪಿನಲ್ಲಿ ಬಸ್ಸಿಗೆ ಇನ್ನೂ ಕಾಯುತ್ತಿದ್ದಳಂತೆ, ಎಲ್ಲರಿಗಿಂತ ಮೊದಲು ಬಂದಿದ್ದಳು. ಕಣ್ಣು ಊದಿತ್ತು.

“ಹುಳ ಅಂತ ನಿನಗೆ ಹೇಗೆ ಗೊತ್ತಾಯ್ತಮ್ಮ?” ಸರ್ ಕೇಳಿದರು.

“ನಮ್ಮಪ್ಪ ಕಾಯ್ತಿದ್ದ ನಿಂಬಿ ತ್ವಾಟದಾಗ ಟೊಂಗಿಗಿ ಹಿಂಗ ಹತ್ತಿರ್ತಾವ್ರಿ. ಸಣ್ಣಾಕಿದ್ದಾಗ ಉಗುರಿಲೇ ಕೆರೀತಿದ್ನಿರಿ.” ನನ್ನ ಕಡೆ ಕೈ ತೋರಿಸಿ, “ಮತ್ತ ಮೇಡಂ ಹೇಳಿದ್ರಲ್ರಿ, ಸಾಲಿಗಿ ಇರ್ತಾವು, ನರದ ತುದೀಗಿ ಇರ್ತಾವು ಅಂತ. ಇವು ತಮಗ ತಿಳದಂಗ ಕುಂತಿದ್ವು,” ಎಂದಳು.

ನಾನು ಪೇಪರು ತಿದ್ದುತ್ತಾ, ತಲೆಯೆತ್ತದೆ ಹೇಳಿದ ಮಾತು ಅದು. ಅವಳು ಅದನ್ನು ನಂಬಿ ಪರೀಕ್ಷೆ ಬರೆದಿದ್ದಳು.

ಕೊನೆಯದನ್ನು ಹೇಳುವ ಮುಂಚೆ ನನಗೆ ಬಂದ ಮೆಮೊ ವಿಷಯ ಮುಗಿಸಿಬಿಡುತ್ತೇನೆ. ಮರುದಿನ ನನ್ನಿಂದ ವಿವರಣೆ ಕೇಳಿ ಸರ್ ಮೆಮೊ ಕೊಟ್ಟರು. ಅದೇ ಹಾಳೆಯಲ್ಲಿ ಕೆಳಗೆ ತಮ್ಮ ತಪ್ಪಿನ ವಿವರಣೆಯನ್ನೂ ಬರೆದು ಪ್ರಿನ್ಸಿಪಾಲರಿಗೆ ಕಳಿಸಿದ್ದರು. ನೋಟ್ಸು ರದ್ದಿಗೆ ಹಾಕಿದೆ, ಆ ಮೆಮೊದ ನಕಲು ಇಟ್ಟುಕೊಂಡಿದ್ದೇನೆ. ಅಲ್ಲಿಂದ ಮುಂದೆ ನಾನು ಬೋರ್ಡಿನ ಮೇಲೆ ಜರೀಗಿಡದ ಚಿತ್ರ ಬರೆಯಲಿಲ್ಲ. ಈಗ ನಮ್ಮ ಕಾಲೇಜಿನಲ್ಲಿ ಎಲೆಯ ಬದಲು ಪರದೆಯ ಮೇಲೆ ಫೋಟೊ ತೋರಿಸಿ ‘ಗುರುತಿಸಿ’ ಎನ್ನುತ್ತಾರಂತೆ, ಮಕ್ಕಳು ಮೊಬೈಲು ಹಿಡಿದರೆ ಅದು ಹೆಸರು ಹೇಳುತ್ತದಂತೆ. ಹೇಳಲಿ, ಒಳ್ಳೆಯದೇ. ಆದರೆ ಫೋಟೊವನ್ನು ತಿರುಗಿಸಿ ಹಿಂಬದಿ ನೋಡಲಾಗುವುದಿಲ್ಲ. ಹೊಸದಾಗಿ ಸೇರಿದ ನೀವಿಬ್ಬರೂ ಒಂದು ಕುಂಡವನ್ನಾದರೂ ಕಾರಿಡಾರಿನಲ್ಲಿ ಇಡಿ.

ಆ ಮಧ್ಯಾಹ್ನ ಸರ್ ಮಹಾದೇವಿಗೆ, “ನೀನು ಮತ್ತೆ ಮಾಡಬೇಕಾಗಿಲ್ಲಮ್ಮ. ನಿನ್ನ ಉತ್ತರ ಸರಿ ಇದೆ, ಪೂರ್ತಿ ಮಾರ್ಕ್ಸ್ ಕೊಟ್ಟಿದ್ದೀವಿ. ಪಾಸಾಗಿದ್ದೀಯ, ಮನೆಗೆ ಹೋಗು,” ಎಂದರು. ಪರೀಕ್ಷಕರು ಸೊನ್ನೆಯನ್ನು ಹೊಡೆದು ಹೊಸ ಅಂಕ ಬರೆದು ಸಹಿ ಹಾಕಿದ್ದನ್ನು ತೋರಿಸಿದರು. ಅವಳು ಅದನ್ನು ನೋಡಿ ಸೆರಗಿನಂತೆ ಹೊದ್ದಿದ್ದ ದುಪಟ್ಟಾದಿಂದ ಮುಖ ಒರೆಸಿಕೊಂಡಳು. ಆದರೆ ಹೋಗಲಿಲ್ಲ.

“ಹಂಗಲ್ರಿ ಸರ್. ನಾ ಇನ್ನಾ ಖರೇದು ನೋಡೇ ಇಲ್ರಿ.”

ಬೀಜಕದ ಚುಕ್ಕೆಯನ್ನು ಜೀವನದಲ್ಲಿ ಒಮ್ಮೆಯೂ ನೋಡದ ಹುಡುಗಿ, ಇದು ಅದಲ್ಲ ಎಂದು ಹೇಳಿದ್ದಳು. ನಾವ್ಯಾರೂ ಅದನ್ನು ಯೋಚಿಸಿರಲಿಲ್ಲ. ಮಿಕ್ಕವರು ಬರೆಯಲು ಕುಳಿತಾಗ ನಾನು ಅವಳಿಗೆ ಒಳ್ಳೆಯ ಲೆನ್ಸಿನ ಸೂಕ್ಷ್ಮದರ್ಶಕ ಬಿಟ್ಟುಕೊಟ್ಟು, ಗಂಗಣ್ಣನ ಗೋಡೆಯ ಎಲೆಯಿಂದ ಒಂದು ಚುಕ್ಕೆ ಕೆರೆದು, ನೀರು ಹಾಕದೆ ಒಣದಾಗಿಯೇ ಇಟ್ಟು, ದೀಪ ಹತ್ತಿರಕ್ಕೆ ಎಳೆದೆ. ಶಾಖಕ್ಕೆ ಆ ಚೀಲದ ಉಂಗುರ ನಿಧಾನವಾಗಿ ಹಿಂದಕ್ಕೆ ಬಾಗುತ್ತದೆ, ಬಾಗಿ ಬಾಗಿ ತಟ್ಟನೆ ಮುಂದಕ್ಕೆ ಚಿಮ್ಮಿ ಬೀಜಕಗಳನ್ನು ಎಸೆಯುತ್ತದೆ. ನಾನು ಇದನ್ನು ಅವಳಿಗೆ ಹೇಳಲಿಲ್ಲ. ಪಕ್ಕದಲ್ಲಿ ನಿಂತೆ.

ಅವಳು ಲೆನ್ಸಿಗೆ ಕಣ್ಣು ಹಚ್ಚಿದಳು. ಆಮೇಲೆ ಸ್ಟೂಲಿನ ಮೇಲೆ ಕುಳಿತಿದ್ದ ಹುಡುಗಿ ಬೆಚ್ಚಿಬಿದ್ದು ಹಿಂದಕ್ಕೆ ಸರಿದಳು. “ಅಯ್ಯ ಯವ್ವಾ! ಒಗೀತ್ರೀ ಮೇಡಂ! ಕವಣೀಲೆ ಒಗದಂಗ ಒಗೀತು!”

ಬರೆಯುತ್ತಿದ್ದ ಹತ್ತೊಂಬತ್ತು ತಲೆಗಳೂ ಒಮ್ಮೆಗೇ ಎದ್ದವು. ಪರೀಕ್ಷೆಯಲ್ಲಿ ಸದ್ದು ಮಾಡಬಾರದು ಎಂದು ಯಾರೂ ಹೇಳಲಿಲ್ಲ. ಅವಳು ನನ್ನ ಮೊಣಕೈ ಹಿಡಿದು ಎಳೆದಳು, “ನೀವು ನೋಡ್ರಿ, ಲಗೂನ ಬರ್ರಿ, ಇನ್ನೊಂದು ಬಾಗಾಕ ಹತ್ತೈತಿ.”

ಸ್ಟೂಲು ಬಿಟ್ಟುಕೊಟ್ಟಳು. ನಾನು ಕುಳಿತು, ಕಣ್ಣು ಹಚ್ಚಿ, ನೋಡಿದೆ.